ಹಳೆಯದೆಂದು ಬಿಟ್ಟ ಮಾತು

ಆಕಾಶ ಮಾತು ನಿಲ್ಲಿಸಿದ ಮೇಲೆ ಕಡಲಿನವರು ಮತ್ತೆ ಒಬ್ಬರಿಗೊಬ್ಬರು ಕೂಗಿ ಹೇಳುವುದನ್ನು ಕಲಿಯಬೇಕಾಯಿತು. ಸೂರ್ಯನಿಂದ ಎದ್ದ ಬಿರುಗಾಳಿ ಉಪಗ್ರಹಗಳನ್ನು ಸುಟ್ಟುಹಾಕಿದಾಗ ಸುಪ್ರಭಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ನೆಲದ ಮೇಲಿನವರು ಬೇಗ ಸುಧಾರಿಸಿಕೊಂಡರು. ಅವರಿಗೆ ಮಣ್ಣಿನೊಳಗೆ ಹೂತ ತಂತಿಗಳಿದ್ದವು. ಕಡಲಿಗೆ ತಂತಿ ಎಲ್ಲಿಂದ ಬರಬೇಕು? ದಡ ಕಣ್ಮರೆಯಾದ ಮೇಲೆ ದೋಣಿ ಎಲ್ಲಿದೆ ಎಂದು ಹೇಳುವವರು ಯಾರೂ ಉಳಿಯಲಿಲ್ಲ. ಗಂಟೆ ಎಷ್ಟೆಂದು ಹೇಳುವವರೂ ಉಳಿಯಲಿಲ್ಲ. ಗಡಿಯಾರಗಳೂ ಅದೇ ಉಪಗ್ರಹಗಳನ್ನು ಕೇಳಿಕೊಂಡೇ ಸರಿಯಾಗಿ ನಡೆಯುತ್ತಿದ್ದವೆಂಬುದು ಅವು ಸುಟ್ಟುಹೋಗುವವರೆಗೆ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಗಂಗೊಳ್ಳಿಗೆ ಮರಳಿದ ಸುಪ್ರಭಾ ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆ ಮಾಡಿದಳು. ಅದರೊಳಗಿನ ತಂತ್ರಾಂಶಕ್ಕೆ ‘ಮರುದನಿ’ ಎಂದು ಹೆಸರಿಟ್ಟಳು. ಎರಡು ದೋಣಿಗಳು ಕಡಲಲ್ಲಿ ಒಂದರ ಹತ್ತಿರ ಒಂದು ಹಾದರೆ ಸಾಕು, ಪೆಟ್ಟಿಗೆಗಳು ತಮಗೆ ಗೊತ್ತಿದ್ದನ್ನೆಲ್ಲ ಪರಸ್ಪರ ಹೇಳಿಕೊಳ್ಳುತ್ತಿದ್ದವು. ತನ್ನ ಮಾತನ್ನಷ್ಟೇ ಅಲ್ಲ, ದಾರಿಯಲ್ಲಿ ಇತರರಿಂದ ಕೇಳಿದ್ದನ್ನೂ. ಮೊದಲು ದಡ ಮುಟ್ಟಿದ ದೋಣಿ ಎಲ್ಲರ ಸುದ್ದಿಯನ್ನೂ ಬಂದರಿನ ಕೋಣೆಗೆ ತಂದು ಸುರಿಯುತ್ತಿತ್ತು. ಗೋಡೆಯ ಮೇಲಿನ ದೊಡ್ಡ ಹಲಗೆಯಲ್ಲಿ ದೋಣಿಗಳ ಹೆಸರೂ ಅವುಗಳ ಸ್ಥಿತಿಯೂ ಮೂಡುತ್ತಿದ್ದವು.

ಕಷ್ಟವಿದ್ದದ್ದು ಒಂದೇ ಕಡೆ. ಒಂದೇ ದೋಣಿಯ ಬಗ್ಗೆ ಎರಡು ಬೇರೆ ಮಾತು ಬಂದರೆ ಯಾವುದು ಈಚಿನದು? ಉಪ್ಪುಗಾಳಿ ತಿಂದ ಗಡಿಯಾರವನ್ನು ನಂಬುವಂತಿರಲಿಲ್ಲ. ಆದ್ದರಿಂದ ಸುಪ್ರಭಾ ಗಡಿಯಾರವನ್ನೇ ಕೈಬಿಟ್ಟಳು. ಮರುದನಿ ‘ಇದನ್ನು ಎಷ್ಟು ಗಂಟೆಗೆ ಹೇಳಿದೆ’ ಎಂದು ಕೇಳುತ್ತಿರಲಿಲ್ಲ. ‘ಯಾರ ಯಾರ ಮಾತು ಕೇಳಿದ ಮೇಲೆ ಹೇಳಿದೆ’ ಎಂದು ಕೇಳುತ್ತಿತ್ತು. ಪ್ರತಿ ಮಾತಿನ ಹಿಂದೆಯೂ ಅದಕ್ಕೂ ಮೊದಲು ಕಿವಿಗೆ ಬಿದ್ದ ಮಾತುಗಳ ಗುರುತು ಬಾಲದಂತೆ ಅಂಟಿಕೊಂಡಿರುತ್ತಿತ್ತು. ಅಷ್ಟರಿಂದಲೂ ತೀರ್ಮಾನವಾಗದಿದ್ದರೆ ಪೆಟ್ಟಿಗೆ ತಾನಾಗಿ ತೀರ್ಮಾನಿಸುತ್ತಿರಲಿಲ್ಲ. ಎರಡೂ ಮಾತನ್ನು ಹಲಗೆಯ ಮೇಲಿಟ್ಟು ಮನುಷ್ಯರಿಗೆ ಬಿಡುತ್ತಿತ್ತು. ಬಂದರಿನ ಕೋಣೆ ನೋಡಿಕೊಳ್ಳುತ್ತಿದ್ದ ಸಂಜೀವಣ್ಣ, ಒಂದೇ ದೋಣಿಗೆ ಎರಡು ಜಾತಕ ಬರೆಯುವ ಜೋಯಿಸಳು ನೀನು ಎಂದು ಅವಳನ್ನು ಹಂಗಿಸುತ್ತಿದ್ದರು. ಹಂಗಿಸಿದರೂ ಎರಡನ್ನೂ ಓದುತ್ತಿದ್ದರು.

ಅದೇ ಕಾಲಕ್ಕೆ ಮೈಸೂರಿನಲ್ಲಿ ಪೃಥ್ವೀಶನೆಂಬವನು ಆಸ್ಪತ್ರೆಗಳಿಗಾಗಿ ‘ಏಕತಾರಿ’ ಎಂಬ ಇನ್ನೊಂದು ತಂತ್ರಾಂಶ ಕಟ್ಟುತ್ತಿದ್ದ. ಎರಡೂ ಮುಕ್ತ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಒಯ್ಯಬಹುದು. ಒಂದು ಸಂಜೆ ಅವನ ಬರಹ ಓದುತ್ತ ಕುಳಿತ ಸುಪ್ರಭಾಗೆ ತನ್ನದೇ ಯೋಚನೆಗಳು ಬೇರೆಯವರ ಕೈಬರಹದಲ್ಲಿ ಕಂಡಂತಾಯಿತು. ಇಬ್ಬರೂ ಒಂದೇ ಗುಡ್ಡದ ಎರಡು ಬದಿಯಿಂದ ಸುರಂಗ ತೋಡುತ್ತಿದ್ದರು. ಅವಳು ಪತ್ರ ಬರೆದಳು, ಅವನು ಗಂಗೊಳ್ಳಿಗೆ ಬಂದ. ಅವಳ ಅಣ್ಣ ಕರುಣಾಕರ ತನ್ನ ‘ಸಾಗರಜ್ಯೋತಿ’ಯಲ್ಲಿ ಕೂರಿಸಿಕೊಂಡು ಕಡಲು ತೋರಿಸಿದ. ನದಿ ಕಡಲು ಸೇರುವ ಅಳಿವೆ ದಾಟುವ ಮೊದಲೇ ತಲೆ ತಿರುಗಿ ಬಲೆಯ ರಾಶಿಯ ಮೇಲೆ ಬಿದ್ದ ಅತಿಥಿಯನ್ನು ನೋಡಿ, ದಸರಾ ಮುಗಿಸಿದ ಆನೆ ಮಲಗಿದ ಹಾಗಿದೆ ಎಂದು ಕರುಣಾಕರ ನಕ್ಕ. ಪೃಥ್ವೀಶನೂ ಮಲಗಿದಲ್ಲಿಂದಲೇ ನಕ್ಕ. ಸುಪ್ರಭಾಗೆ ಅವನು ಇಷ್ಟವಾದದ್ದು ಆಗ. ಅವಳಿಗೆ ಮಾತು ಕಡಿಮೆ. ಅವನು ಅವಳ ಸುಮ್ಮನಿರುವಿಕೆಯನ್ನು ತುಂಬಲು ಹೋಗುತ್ತಿರಲಿಲ್ಲ. ಅದೊಂದು ದೊಡ್ಡ ಗುಣವೆಂದು ಅವಳು ಎಣಿಸಿದ್ದಳು.

ಹೀಗೆ ಎರಡು ತಂಡಗಳೂ ಕೂಡಿದವು. ಕೂಡಿದ ತಂಡಕ್ಕೊಂದು ನಡಾವಳಿ ಬೇಕಾದಾಗ ಬರೆದುಕೊಟ್ಟವಳು ಸುಪ್ರಭಾ. ಊರಿನ ಕಡಲಕರೆಯಲ್ಲಿ ಮೀನು ಪಾಲಾದ ಮೇಲೆ ಸಭೆ ಕೂರುತ್ತಿತ್ತು. ಊರಿನ ಮುಖಂಡರಾದ ಗುರಿಕಾರರು ವಿಷಯ ಮುಂದಿಟ್ಟು ‘ಯಾರದ್ದಾದ್ರೂ ಮಾತಿತ್ತಾ?’ ಎಂದು ಕೇಳುತ್ತಿದ್ದರು. ಯಾರೂ ಮಾತಾಡದಿದ್ದರೆ ಒಪ್ಪಿದಂತೆ. ಕೈ ಎತ್ತುವುದಿಲ್ಲ, ಮತ ಎಣಿಸುವುದಿಲ್ಲ. ಸುಪ್ರಭಾ ಅದನ್ನೇ ನಿಯಮ ಮಾಡಿದಳು. ಯಾವುದೇ ಬದಲಾವಣೆಯ ಪ್ರಸ್ತಾಪ ಒಂದು ವಾರ ಎಲ್ಲರೆದುರು ತೆರೆದಿರಬೇಕು. ಯಾರೊಬ್ಬರು ‘ನನ್ನದೊಂದು ಮಾತಿದೆ’ ಎಂದು ಬರೆದರೂ ಅದು ನಿಲ್ಲುತ್ತದೆ. ಯಾರೂ ಬರೆಯದಿದ್ದರೆ ಒಪ್ಪಿಗೆ. ಮೈಸೂರಿನವರಿಗೆ ಅದು ಬಹಳ ಹಿಡಿಸಿತು.

ಹೊಂದಿಕೆಯಾಗದೆ ಉಳಿದದ್ದು ಗಡಿಯಾರದ ವಿಷಯವೊಂದೇ. ಆಸ್ಪತ್ರೆಗಳಿಗೆ ತಂತಿಯಿತ್ತು, ಸರಿಯಾದ ಸಮಯವಿತ್ತು. ಏಕತಾರಿ ಪ್ರತಿ ಮಾತಿಗೂ ತಾರೀಕು ಅಂಟಿಸಿ ಕೊನೆಯ ತಾರೀಕಿನದ್ದನ್ನಷ್ಟೇ ಉಳಿಸಿಕೊಳ್ಳುತ್ತಿತ್ತು. ಮರುದನಿಯ ಬಾಲ ಉದ್ದವಾಗುತ್ತದೆ, ಆಸ್ಪತ್ರೆಯ ಯಂತ್ರಗಳು ತೆವಳುತ್ತವೆ, ಒಂದೇ ಕೆಲಸಕ್ಕೆ ಎರಡು ದಾರಿ ಯಾಕೆ ಎಂದು ಪೃಥ್ವೀಶ ಕೇಳುತ್ತಿದ್ದ. ಎರಡನ್ನೂ ಒಂದೇ ಮಾಡಿದರೆ ಮಾತ್ರ ಇಡೀ ರಾಜ್ಯದಲ್ಲಿ ಬಳಸುತ್ತೇವೆಂದು ಸರ್ಕಾರದ ದೊಡ್ಡವರು ಹೇಳಿದ್ದರು. ಗಡಿಯಾರವನ್ನೇ ನಂಬೋಣವೆಂದು ಅವನು ಮೂರು ಸಲ ಪ್ರಸ್ತಾಪವಿಟ್ಟ. ಮೂರು ಸಲವೂ ಸುಪ್ರಭಾ ‘ನನ್ನದೊಂದು ಮಾತಿದೆ’ ಎಂದು ಬರೆದಳು. ಅವನು ಬೇಸರಪಡಲಿಲ್ಲ. ಹಾಗೆಂದು ಅವಳು ತಿಳಿದಳು.

ಆ ವರ್ಷ ಮೀನುಗಾರಿಕೆ ಶುರುವಾಗುವ ಹೊತ್ತಿಗೆ ಅವಳ ಅಪ್ಪಯ್ಯ ತೀರಿಕೊಂಡರು. ಸುದ್ದಿ ತಿಳಿದ ದಿನವೇ ಪೃಥ್ವೀಶ ಫೋನು ಮಾಡಿದ.

“ನೀನು ಪರದೆ ಮುಚ್ಚಿಬಿಡು ಸುಪ್ರಭಾ. ಕ್ರಿಯೆ ಎಲ್ಲ ಮುಗಿಯೋವರ್ಗೂ ಈ ಕಡೆ ತಲೆ ಹಾಕ್ಬೇಡ. ನಾನಿದೀನಲ್ಲ.”

ಆ ಕೊನೆಯ ಮಾತನ್ನು ಅವಳು ತನ್ನಷ್ಟಕ್ಕೇ ಇನ್ನೊಮ್ಮೆ ಹೇಳಿಕೊಂಡಳು. ಅಂಥ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಲ್ಯಾಪ್‌ಟಾಪಿನ ಪರದೆ ಮುಚ್ಚಿ ಅದನ್ನು ಕಪಾಟಿನ ಮೇಲಿಟ್ಟಳು. ನೆಂಟರಿಗೆ ಬಡಿಸಿದಳು, ಪಾತ್ರೆ ತೊಳೆದಳು, ಅಪ್ಪಯ್ಯ ಕೂರುತ್ತಿದ್ದ ಜಗಲಿಯ ಮೂಲೆಯಲ್ಲಿ ಏನೂ ಮಾಡದೆ ಕುಳಿತಳು.

ಉತ್ತರಕ್ರಿಯೆ ಮುಗಿದ ಮರುದಿನ ಊಟಕ್ಕೆ ಕುಳಿತ ಕರುಣಾಕರ, ಪೆಟ್ಟಿಗೆಯ ಬ್ಯಾಟರಿ ಬದಲಿಸಿದ್ದನ್ನು ಹೇಳಿದ. ಹೊಸ ಆವೃತ್ತಿ ಬಂದಿದೆಯೆಂದು ಸಂಜೀವಣ್ಣ ಎಲ್ಲ ದೋಣಿಗೂ ತುಂಬಿಸಿದ್ದರಂತೆ.

“ನಿನ್ನ ಪೆಟ್ಗಿ ಈಗ ತಾರೀಕ್ ಕೇಂತ್ ಮಾರಾಯ್ತಿ. ಮೊದ್ಲ್ ಕೇಂತಿರ್ಲಿಲ್ಲೆ ಅಲ್ದಾ? ಎಂತದೋ ಒಂದ್ ಹಾಕಿ ಬಂದೆ.”

“ಮೀನಿಗೆ ತಾರೀಕ್ ಇಲ್ದೆ ಬೇಜಾರಾಯ್ತ್ ಕಾಣ್ತ್,” ಎಂದಳು ಅತ್ತಿಗೆ ಗುಲಾಬಿ, ಅವನ ಬಟ್ಟಲಿಗೆ ಸಾರು ಬಗ್ಗಿಸುತ್ತ. ಅವರಿಬ್ಬರೂ ನಕ್ಕರು. ಕಡಲಿಗೆ ಹೋಗುವವರು ದಿನ ಎಣಿಸುವುದು ಚಂದ್ರನಿಂದ. ಇಳಿತ-ಭರತ ಗೊತ್ತಿದ್ದರೆ ಅವರಿಗೆ ಸಾಕು. ಸುಪ್ರಭಾ ತುತ್ತು ನುಂಗಿದಳು. ಏನೋ ಸಣ್ಣ ತಿದ್ದುಪಡಿಯಿರಬೇಕು, ಪೃಥ್ವೀಶ ನೋಡಿಕೊಂಡಿರುತ್ತಾನೆ ಎಂದುಕೊಂಡಳು. ಪರದೆ ತೆರೆದಾಗ ಅವನ ಪತ್ರವಿತ್ತು. ಕೆಲವು ಹಳೆಯ ತೊಡಕುಗಳನ್ನು ಬಿಡಿಸಿದ್ದೇನೆ, ಆತುರವಿಲ್ಲ, ನಿಧಾನವಾಗಿ ಓದು ಎಂದು ಬರೆದಿದ್ದ. ಅವಳು ನಿಧಾನವಾಗಿ ಓದಲೆಂದೇ ಇಟ್ಟುಕೊಂಡಳು.

ಸಾಗರಜ್ಯೋತಿ ಆರು ಜನರನ್ನು ಹೊತ್ತು ಅಳಿವೆ ದಾಟಿತು. ಆ ವಾರದ ಕೊನೆಗೆ ತೆಂಕಣ ಗಾಳಿ ಎದ್ದಿತು.

ಬಂದರಿನ ಕೋಣೆಯಲ್ಲಿ ಜನ ಕಿಕ್ಕಿರಿದಿದ್ದರು. ಒಂದೊಂದೇ ದೋಣಿ ಅಲೆಗಳ ನಡುವೆ ನುಸುಳಿ ಬಂದು ತಾನು ಕೇಳಿದ್ದನ್ನು ಸುರಿಯುತ್ತಿತ್ತು. ಹಲಗೆಯ ಮೇಲೆ ಹೆಸರುಗಳು ಬದಲಾಗುತ್ತಿದ್ದವು: ಕಡಲಲ್ಲಿದೆ, ಮರಳುತ್ತಿದೆ, ಸೇರಿತು. ಗುಲಾಬಿ ಐಸು ಕಾರ್ಖಾನೆಯ ಪಾಳಿಯಿಂದ ಒದ್ದೆ ಸೀರೆಯಲ್ಲೇ ಓಡಿ ಬಂದು ಸುಪ್ರಭಾಳ ಪಕ್ಕ ನಿಂತಳು. ‘ಸಾಗರಜ್ಯೋತಿ – ಮರಳುತ್ತಿದೆ.’ ಓದಿದವಳು ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತುಬಿಟ್ಟಳು. ಸುದ್ದಿಯೇ ಇಲ್ಲದ ಮೂರು ದೋಣಿಗಳನ್ನು ಹುಡುಕಲು ರಕ್ಷಣಾ ಹಡಗು ಬಡಗಣಕ್ಕೆ ಹೋಯಿತು. ಅದೇ ಸರಿ, ಮರಳುತ್ತಿರುವವರನ್ನು ಯಾರು ಹುಡುಕುತ್ತಾರೆ? ಆ ಮೂರೂ ಸಿಕ್ಕವು. ಊರು ಸಂತೋಷಪಟ್ಟಿತು.

ಗುಲಾಬಿ ಮನೆಗೆ ಹೋಗಿ ಹಂಡೆಯಲ್ಲಿ ನೀರು ಕಾಯಿಸಿದಳು. ಮಾರನೆಯ ದಿನವೂ ಕಾಯಿಸಿದಳು. ಹಲಗೆ ಮಾತ್ರ ‘ಮರಳುತ್ತಿದೆ’ ಎನ್ನುತ್ತಲೇ ಇತ್ತು. ಕಡಲು ಪೂರ್ತಿ ಶಾಂತವಾದ ಮೇಲೂ ಹಾಗೆಯೇ ಅನ್ನುತ್ತಿತ್ತು.

ಕೊನೆಗೆ ಬಂದದ್ದು ವೆಂಕಟ್ರಮಣ ಖಾರ್ವಿಯ ದೋಣಿ. ಗಾಳಿಯ ಹೊಡೆತಕ್ಕೆ ದೂರ ಹೋಗಿ ಇನ್ನೊಂದು ಬಂದರು ಸೇರಿ, ರಿಪೇರಿ ಮಾಡಿಕೊಂಡು ಬಂದಿದ್ದ. ಗಾಳಿ ಜೋರಾಗಿದ್ದಾಗ ಕರುಣಾಕರನ ದೀಪ ದೂರದಲ್ಲಿ ಕಂಡಿತ್ತು, ಪೆಟ್ಟಿಗೆ ಒಮ್ಮೆ ಸದ್ದು ಮಾಡಿತ್ತು ಎಂದ. ತನ್ನದೇ ದೋಣಿ ಉಳಿದರೆ ಸಾಕೆಂಬ ಹೊತ್ತದು. ಸ್ವಲ್ಪ ತಗ್ಗಿದ ಮೇಲೆ ಪೆಟ್ಟಿಗೆ ನೋಡಿದ. ಸಾಗರಜ್ಯೋತಿ ಮರಳುತ್ತಿದೆ ಎಂದಿತ್ತು. ಹಾಗಾಗಿ ತಿರುಗಲಿಲ್ಲ.

ಸುಪ್ರಭಾ ಅವನ ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟು ಒಳಗನ್ನು ಓದಿದಳು. ಕರುಣಾಕರನ ಹೆಸರಿನಲ್ಲಿ ಇದ್ದದ್ದು ಎರಡೇ ಗುರುತು. ‘ಮರಳುತ್ತಿದೆ’ ಎಂಬ ಮಾತು, ಅದರ ತಾರೀಕು ಮುಂದಿನ ವರ್ಷದ ಕಾರ್ತಿಕದ್ದು. ಅದರ ಕೆಳಗೆ ಇನ್ನೊಂದು ಸಾಲು: ಹಳೆಯದೆಂದು ಬಿಟ್ಟದ್ದು, ಒಂದು.

ಅವಳು ಬಹಳ ಹೊತ್ತು ಆ ಸಾಲನ್ನೇ ನೋಡಿದಳು. ಬಂದರಿನಲ್ಲಿ ಕರುಣಾಕರ ‘ಎಂತದೋ ಒಂದು’ ತಾರೀಕು ಹಾಕಿದ್ದ, ವರ್ಷ ತಪ್ಪಿತ್ತು. ಆ ತಪ್ಪು ತಾರೀಕಿನಲ್ಲೇ ಅವನು ಮರಳಲು ಹೊರಟಿದ್ದನ್ನು ಪೆಟ್ಟಿಗೆ ಬರೆದುಕೊಂಡಿತ್ತು, ಹತ್ತಿರದ ದೋಣಿಗಳಿಗೆ ಹೇಳಿತ್ತು. ಆಮೇಲೆ ಅಲೆಯ ಹೊಡೆತಕ್ಕೆ ಬ್ಯಾಟರಿ ಅಲುಗಿ ಪೆಟ್ಟಿಗೆ ಆರಿ, ಮತ್ತೆ ಹೊತ್ತಿಕೊಂಡಿರಬೇಕು. ಹೊತ್ತಿಕೊಂಡಾಗ ಪಕ್ಕದವರಿಂದ ಸರಿಯಾದ ತಾರೀಕು ಪಡೆದಿರಬೇಕು. ಅದಾದ ಮೇಲೆ ಅಣ್ಣ ಒಂದು ಮಾತು ಹೇಳಿದ್ದ. ವೆಂಕಟ್ರಮಣನ ಪೆಟ್ಟಿಗೆ ಅದನ್ನು ಕೇಳಿಸಿಕೊಂಡಿತ್ತು. ತಾರೀಕು ನೋಡಿತು, ಮುಂದಿನ ವರ್ಷದ ಮಾತೊಂದು ಆಗಲೇ ತನ್ನಲ್ಲಿದೆ, ಇದು ಹಳೆಯದು ಎಂದು ಎಸೆಯಿತು.

ಏನು ಹೇಳಿದ್ದ? ಎಂಜಿನು ನಿಂತಿದೆ ಎಂದೋ, ನೀರು ನುಗ್ಗಿದೆ ಎಂದೋ, ಯಾವ ದಿಕ್ಕಿಗೆ ಎಳೆಯುತ್ತಿದೆ ಎಂದೋ. ಹಳೆಯ ಮರುದನಿಯಾಗಿದ್ದರೆ ಎರಡೂ ಮಾತು ಹಲಗೆಯ ಮೇಲಿರುತ್ತಿದ್ದವು. ಈಗ ಆ ಮಾತು ಜಗತ್ತಿನ ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ. ಒಂದು ಮಾತು ಇತ್ತೆಂಬುದಷ್ಟೇ ಉಳಿದಿತ್ತು.

ಆಮೇಲೆ ಅವಳು ಪ್ರಸ್ತಾಪಗಳ ಪುಟ ತೆರೆದಳು. ಗಡಿಯಾರದ ಪ್ರಸ್ತಾಪ ನಾಲ್ಕನೆಯ ಸಲ ಅಲ್ಲಿತ್ತು. ಇಟ್ಟದ್ದು ಅಪ್ಪಯ್ಯನ ಚಿತೆ ಆರಿದ ಮರುದಿನ. ವಾರ ತೆರೆದಿತ್ತು. ಕೆಳಗೆ ಯಾರ ಮಾತೂ ಇರಲಿಲ್ಲ. ಒಪ್ಪಿಗೆಯಾಗಿದೆ ಎಂದು ಪೃಥ್ವೀಶ ಬರೆದಿದ್ದ.

ಫೋನಿನಲ್ಲಿ ಅವನು ಮೊದಲು ಕರುಣಾಕರನ ಬಗ್ಗೆ ಕೇಳಿದ. ನಿಜವಾಗಿಯೂ ಅವನ ದನಿ ಒಡೆದಿತ್ತು. ಅವಳು ತನಗೆ ಕಂಡದ್ದನ್ನು ಹೇಳಿದಳು. ಅವನು ತಾರೀಕಿನ ತಪ್ಪು ಯಾರಿಂದಲಾದರೂ ಆಗಬಹುದಿತ್ತು, ಅದಕ್ಕೊಂದು ತಡೆ ಇಡಬೇಕಿತ್ತು, ಮುಂದಿನ ಆವೃತ್ತಿಯಲ್ಲಿ ಇಡೋಣ ಎಂದ. ಆಸ್ಪತ್ರೆಗಳಲ್ಲಿ ಹೊಸ ಕ್ರಮದಿಂದ ಎಷ್ಟೋ ಜೀವ ಉಳಿಯುತ್ತಿದೆ ಎಂದೂ ಹೇಳಿದ. ಅದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು.

“ಪ್ರಸ್ತಾಪ ಯಾವಾಗ ಇಟ್ಟೆ?” ಎಂದಳು.

“ಒಂದು ವಾರ ತೆರೆದಿತ್ತಲ್ಲ. ನಿಯಮ ನೀನೇ ಬರೆದದ್ದು ಕಣೇ.”

“ಪರದೆ ಮುಚ್ಚು ಅಂದದ್ದು ನೀನು.”

ಎಲ್ಲೋ ಅವನ ಮನೆಯ ಕುಕ್ಕರು ಕೂಗಿ ನಿಂತಿತು.

“ಬೇಡ ಅಂತೀಯ ಅಂತ ಗೊತ್ತಿತ್ತು,” ಎಂದ ಕೊನೆಗೆ. “ಮೂರು ಸಲ ಬೇಡ ಅಂದಿದ್ದೆ. ನಾಲ್ಕನೇ ಸಲಾನೂ ಬೇಡ ಅಂತಿದ್ದೆ. ಎಷ್ಟು ವರ್ಷ ಅಂತ ಎರಡೆರಡು ಇಟ್ಕೊಂಡು ಕೂರೋದು?”

ಅವಳು ಫೋನು ಕೆಳಗಿಟ್ಟಳು. ಕಡಲಕರೆಯ ಸಭೆಯಲ್ಲಿ ಗುರಿಕಾರರು ‘ಯಾರದ್ದಾದ್ರೂ ಮಾತಿತ್ತಾ’ ಎನ್ನುವ ಮೊದಲು ಮರಳಿನ ಮೇಲೆ ಎಳೆದಿಟ್ಟ ದೋಣಿಗಳ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಯಾವುದಾದರೂ ದೋಣಿ ಇನ್ನೂ ನೀರಿನಲ್ಲಿದ್ದರೆ ಆ ದಿನ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಅದನ್ನು ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕಾದ ಸಂಗತಿಯೆಂದು ಯಾರಿಗೂ ಅನ್ನಿಸಿರಲಿಲ್ಲ. ಸುಪ್ರಭಾ ಆ ಪ್ರಶ್ನೆಯನ್ನು ಬರೆದಿದ್ದಳು, ಆ ನೋಟವನ್ನು ಬರೆಯಲು ಮರೆತಿದ್ದಳು. ಪೃಥ್ವೀಶ ಓದಿದ್ದು ಬರೆದದ್ದನ್ನು.

ಆದರೂ ಅವನು ಆನೆಯಂತೆ ಮಲಗಿ ನಕ್ಕವನಲ್ಲವೇ? ಅವಳ ಮೌನವನ್ನು ಅವನು ಇಷ್ಟು ವರ್ಷ ಗೌರವಿಸುತ್ತಿದ್ದನೋ, ಅಳೆಯುತ್ತಿದ್ದನೋ? ಅದು ಇನ್ನು ಗೊತ್ತಾಗುವಂತಿರಲಿಲ್ಲ.

ತೆಂಕಣ ದಡದಲ್ಲಿ ಸಾಗರಜ್ಯೋತಿಯ ಬಣ್ಣದ ಹಲಗೆಗಳೂ ಬಲೆಯ ಬೆಂಡುಗಳೂ ಸಿಕ್ಕವು. ಆರು ಮನೆಗಳಲ್ಲಿ ಐದು ಅಳು ಮುಗಿಸಿ ಕ್ರಿಯೆಗೆ ದಿನ ನೋಡಿದವು. ಗುಲಾಬಿ ಮಾತ್ರ ದಿನವೂ ಪಾಳಿ ಮುಗಿಸಿ ಬಂದರಿನ ಕೋಣೆಗೆ ಬಂದು ಹಲಗೆ ನೋಡಿ ಹೋಗುತ್ತಿದ್ದಳು. ಸುಪ್ರಭಾ ಆ ಸಾಲನ್ನು ಅಳಿಸುತ್ತಿದ್ದಳು. ಸಂಜೆ ಯಾವುದೋ ದೋಣಿ ಬರುತ್ತಿತ್ತು, ಅದರ ಪೆಟ್ಟಿಗೆ ತನಗೆ ಗೊತ್ತಿದ್ದನ್ನು ಪ್ರಾಮಾಣಿಕವಾಗಿ ಹೇಳುತ್ತಿತ್ತು, ಹಲಗೆಯ ಮೇಲೆ ಮತ್ತೆ ಮೂಡುತ್ತಿತ್ತು: ಮರಳುತ್ತಿದೆ. ಕರಾವಳಿಯ ಉದ್ದಕ್ಕೂ ಎಲ್ಲ ಪೆಟ್ಟಿಗೆಗಳಲ್ಲಿ ಆ ಮಾತು ಸೇರಿಹೋಗಿತ್ತು. ಒಂದು ಅಳಿಸಿದರೆ ಇನ್ನೊಂದು ನೆನಪಿಸುತ್ತಿತ್ತು.

ಎಲ್ಲ ದೋಣಿಗೂ ಹಳೆಯ ಮರುದನಿಯನ್ನೇ ಮತ್ತೆ ತುಂಬಿಸಲು ಅವಳು ಶುರುಮಾಡಿದ್ದಳು. ಮುಕ್ತ ತಂತ್ರಾಂಶ, ಕವಲು ಒಡೆದು ಬೇರೆ ಹೋಗಲು ಯಾರ ಅಪ್ಪಣೆಯೂ ಬೇಡ. ಆದರೆ ಅದಕ್ಕೆ ತಿಂಗಳುಗಳೇ ಬೇಕು, ಅಷ್ಟರಲ್ಲಿ ಈ ದೆವ್ವದ ದೋಣಿ ಎಲ್ಲರ ಹಲಗೆಯ ಮೇಲೂ ತೇಲುತ್ತಿರುತ್ತದೆ. ನಾಳೆ ಇನ್ನೊಬ್ಬರು ಕಾಣೆಯಾದಾಗ ಹುಡುಕುವವರ ಲೆಕ್ಕ ತಪ್ಪಿಸುತ್ತದೆ. ಪೃಥ್ವೀಶ ಪತ್ರ ಬರೆದು ಉಪಾಯ ಹೇಳಿದ್ದ. ಆ ಕಾರ್ತಿಕಕ್ಕಿಂತ ಮುಂದಿನ ಯಾವುದಾದರೂ ತಾರೀಕು ಹಾಕಿ ‘ಮುಳುಗಿದೆ’ ಎಂದು ಬರೆ, ಹೊಸ ಮಾತು ಹಳೆಯದನ್ನು ತಾನಾಗಿ ನುಂಗುತ್ತದೆ, ಎರಡು ನಿಮಿಷದ ಕೆಲಸ. ಅವನ ಉಪಾಯ ಸರಿಯಾಗಿತ್ತು. ಅವನ ಉಪಾಯಗಳು ಯಾವಾಗಲೂ ಸರಿಯಾಗಿರುತ್ತಿದ್ದವು.

ಮಧ್ಯಾಹ್ನದ ಬಿಸಿಲಿಗೆ ಬಂದರು ಖಾಲಿಯಿದ್ದಾಗ ಅವಳು ಗುಲಾಬಿಯನ್ನು ಕರೆತಂದು ಕೂರಿಸಿಕೊಂಡಳು. ಸಂಜೀವಣ್ಣ ಬೀಡಿಯ ನೆಪ ಮಾಡಿ ಹೊರಗೆ ಹೋದರು. ಸುಪ್ರಭಾ ಏನನ್ನೂ ಮುಚ್ಚಿಡಲಿಲ್ಲ. ಈ ಸಾಲು ಯಾಕೆ ಅಳಿಯುತ್ತಿಲ್ಲ, ಯಾರು ಏನು ಬದಲಿಸಿದರು, ತಾನು ಪತ್ರವನ್ನು ನಿಧಾನವಾಗಿ ಓದಲೆಂದು ಇಟ್ಟುಕೊಂಡದ್ದು, ಎಸೆಯಲಾದ ಒಂದು ಮಾತು, ಎಲ್ಲವನ್ನೂ ಹೇಳಿದಳು. ಗುಲಾಬಿ ಮೀನಿನ ಹುರುಪೆ ಅಂಟಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ನಡುವೆ ಒಮ್ಮೆ ಮಾತ್ರ ತಲೆಯೆತ್ತಿದಳು.

“ಅವ್ರ್ ಕೂಗಿದ್ರಾ ಹಾಂಗಾರೆ?”

“ಹೌದ್ ಅತ್ತಿಗೆ.”

“ನಿನ್ನ ಪೆಟ್ಗಿ ಕೇಂಡಿತ್.”

“ಕೇಂಡಿತ್.”

ಗುಲಾಬಿ ಮತ್ತೆ ಮಡಿಲು ನೋಡಿದಳು. ಸುಪ್ರಭಾ ಪರದೆಯ ಮೇಲೆ ‘ಮುಳುಗಿದೆ’ ಎಂದು ಆರಿಸಿ, ಇನ್ನೂ ಹುಟ್ಟದ ಒಂದು ವರ್ಷದ ತಾರೀಕು ಹಾಕಿದಳು. ಇನ್ನು ಒತ್ತುವುದೊಂದೇ ಬಾಕಿ. ಬರೆಯಲೇ ಎಂದು ಕೇಳಿದಳು. ಗುಲಾಬಿ ಮಾತಾಡಲಿಲ್ಲ. ಗೋಡೆಯ ಆಚೆ ಯಾರೋ ಐಸು ಒಡೆಯುತ್ತಿದ್ದರು, ಆ ಸದ್ದೂ ನಿಂತಿತು. ಸುಪ್ರಭಾಳ ಬೆರಳು ಗುಂಡಿಯ ತನಕ ಹೋಗಿ ಅಲ್ಲೇ ತಡೆಯಿತು. ಕೈಯನ್ನು ಹಿಂದೆ ತೆಗೆದುಕೊಂಡು ಕುಳಿತಳು.

ಒಂದು ದೋಣಿ ಬಂತು. ಹಲಗೆ ಮಿನುಗಿತು: ಮರಳುತ್ತಿದೆ. ಇನ್ನೊಂದು ಬಂತು. ನೆರಳು ಬಾಗಿಲಿನಿಂದ ಮೇಜಿನ ಕಾಲಿನವರೆಗೆ ಸರಿಯಿತು. ಸುಪ್ರಭಾ ಎರಡನೆಯ ಸಲ ಕೇಳಲಿಲ್ಲ, ಏಳಲೂ ಇಲ್ಲ.

“ಅದ್ರಲ್ಲಿ ಯಾರ್ ಹೇಳಿದ್ದ್ ಅಂತ ಹೆಸ್ರ್ ಬತ್ತಾ?” ಎಂದು ಗುಲಾಬಿ ಕೇಳಿದಳು.

“ಬತ್ತ್ ಅತ್ತಿಗೆ. ಹೇಳಿದವ್ರ ಹೆಸ್ರ್ ಇಲ್ದೆ ಅದ್ ತಕಂತಿಲ್ಲೆ.”

“ಬರಿ.” ಗುಲಾಬಿ ಎದ್ದು ಸೆರಗು ಸರಿ ಮಾಡಿಕೊಂಡಳು. “ನನ್ ಹೆಸ್ರ್ ಹಾಕ್ಬೇಡ. ನಾ ಹೇಳ್ಲಿಲ್ಲೆ. ನಿನ್ನದ್ ಹಾಕ್.”

ಅವಳು ಹೋದ ಮೇಲೆ ಸುಪ್ರಭಾ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದು ಒತ್ತಿದಳು. ಹಲಗೆಯ ಮೇಲಿನ ಸಾಲು ಬದಲಾಯಿತು. ಕಡಲಿಗೆ ಹೊರಟು ನಿಂತಿದ್ದ ದೋಣಿಯೊಂದು ಅದನ್ನು ಕೇಳಿಸಿಕೊಂಡು, ಎಲ್ಲರಿಗೂ ಹೇಳಲು ಅಳಿವೆಯತ್ತ ಹೋಯಿತು.